ಪ್ರಿಯ ವನಮಾಲಾ

ವನಮಾಲಾಳ ಗಂಡ ಲೇಖಕ. ಉತ್ತರ ಭಾರತ ಸುತ್ತುತ್ತಾ ಅವನು ‘ಪ್ರಿಯ ವನಮಾಲಾ’ ಎಂದು ಹೆಂಡತಿಗೆ ಬರೆದ ಪತ್ರಗಳು ವಾರವಾರವೂ ಪತ್ರಿಕೆಯಲ್ಲಿ ಅಚ್ಚಾದವು. ಮನೆಗೆ ಮಾತ್ರ ಒಂದು ಕಾರ್ಡೂ ಬರಲಿಲ್ಲ. ತನ್ನ ಹೆಸರಿಗೆ ಬರೆದ ಪತ್ರಗಳನ್ನು ಅವಳು ಪಕ್ಕದ ಮನೆಯವರಿಂದ ಪತ್ರಿಕೆ ಕೇಳಿ ತಂದು ಓದಬೇಕಾಯಿತು.

ಅವನು ಮರಳಿ ಬಂದು ಚೀಲ ಇಳಿಸುವ ಮೊದಲೇ ಅವಳ ಸಿಟ್ಟು ಕಟ್ಟೆಯೊಡೆಯಿತು.

“ನಮ್ಮಪ್ಪ ಹೋಗಿಬಿಟ್ರು ಅಂತ ತಂತಿ ಕೊಟ್ಟಿದ್ದೆ. ಸಿಕ್ಕಿತ್ತು ತಾನೆ?”

“ಸಿಕ್ಕಿತ್ತು ಕಣೇ. ಆದರೆ ಕೆಲಸ ಬಿಟ್ಟು ಬರೋ ಹಾಗಿರಲಿಲ್ಲ.”

“ಆ ವಾರ ಏನು ಬರೆದ್ರಿ? ‘ಈ ಹೊಳೆಯಲ್ಲಿ ನಿನ್ನ ನಗು ಕೇಳಿಸುತ್ತಿದೆ’ ಅಂತ! ಸೂತಕದಲ್ಲಿ ಕೂತು ಅದನ್ನ ಓದಿದೆ ನಾನು.”

“ಓದುವವರಿಗೆ ನಮ್ಮನೆ ಸಾವು ಯಾಕೆ ಬೇಕು? ನಾಡಿನ ಹೆಂಗಸರೆಲ್ಲ ನಿನ್ನ ಅದೃಷ್ಟ ನೋಡಿ ಹೊಟ್ಟೆ ಉರ್ಕೊಳ್ತಿದಾರೆ. ನಿನಗೇನು ಕಮ್ಮಿಯಾಗಿದೆ?” ಅವನೂ ರೇಗಿದ. “ಅಷ್ಟು ಕೋಪ ಇದ್ದಿದ್ರೆ ಒಂದು ಉತ್ತರ ಬರೀಬೇಕಿತ್ತು.”

“ಬರೆದಿದ್ದೀನಿ.”

“ಎಲ್ಲಿ? ಕೊಡು.”

“ಪತ್ರಿಕೆಗೇ ಕಳಿಸಿದೆ. ಈ ವಾರ ನಿಮ್ಮ ಪತ್ರದ ಜಾಗದಲ್ಲಿ ಅದನ್ನೇ ಹಾಕ್ತಾರಂತೆ.”