ಗೇಟಿನಾಚೆಯ ಧೂಳು

ಮೊನ್ನೆ ವಸ್ತಾರೆ ಹತ್ತಿರ ಡೈವರ್ಶನ್ ಬೋರ್ಡು ನೋಡಿ ಕಾರನ್ನು ಮಣ್ಣು ರಸ್ತೆಗೆ ತಿರುಗಿಸಿದಾಗ, ಕಿಟಕಿಯಿಂದ ನುಗ್ಗಿದ ಧೂಳಿನ ವಾಸನೆಗೆ ಅತ್ತೆ ನೆನಪಾದರು.

ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡನ ಮನೆ ಬಿಟ್ಟು ಬಂದಮೇಲೆ ಅವರು ನಮ್ಮ ಗೇಟು ದಾಟಿದ್ದನ್ನು ನಾನು ಕಂಡಿರಲಿಲ್ಲ. ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಕಾಫಿ ಕೊಯ್ಲಿನ ಹೊತ್ತಿಗೆ ಟಾರು ರಸ್ತೆಯ ಸೇತುವೆ ರಿಪೇರಿಗೆ ಬಂತು. ಬಸ್ಸು, ಜೀಪು, ಲಾರಿ ಎಲ್ಲ ಡೈವರ್ಶನ್ ಬೋರ್ಡು ನೋಡಿ ನಮ್ಮ ಮನೆ ಮುಂದಿನ ಮಣ್ಣು ರಸ್ತೆಯಲ್ಲೇ ಹೋಗತೊಡಗಿದವು. "ಒಣಗೋ ಕಾಫಿ ಎಲ್ಲ ಮಣ್ಣಾಯ್ತಲ್ಲ ಮಾರಾಯ" ಎಂದು ಅಪ್ಪ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಗೊಣಗುತ್ತಿದ್ದರು. ಅತ್ತೆ ಮಾತ್ರ ಊಟವಾದದ್ದೇ ಇಸ್ತ್ರಿ ಸೀರೆ ಉಟ್ಟು, ಗೇಟಿನ ಕಡೆಯ ಮೂಲೆಯಲ್ಲೇ ಕಣದಲ್ಲಿ ಒಣಹಾಕಿದ ಕಾಫಿಯನ್ನು ಕೈಯಾಡಿಸುತ್ತಿದ್ದರು.

ಒಂದು ಮಧ್ಯಾಹ್ನ ಬಸ್ಸೊಂದು ಗೇಟಿನೆದುರು ನಿಂತಿತು. "ಅಮ್ಮಾ, ಗೋಣಿಬೀಡಿಗೆ ಯಾವ ಕಡೆ ಹೋಗ್ಬೇಕು?" ಎಂದು ಡ್ರೈವರ್ ಕೇಳಿದ. ಅತ್ತೆ ಸುತ್ತ ನೋಡಿದರು. ತಮ್ಮನ್ನೇ ಕೇಳಿದ್ದೆಂದು ಖಾತ್ರಿಯಾದಮೇಲೆ ಗೇಟು ತೆಗೆದು, ರಸ್ತೆ ಕವಲೊಡೆಯುವವರೆಗೂ ಬಸ್ಸಿನ ಮುಂದೆ ನಡೆದು, ಕೈ ಚಾಚಿ ಎಡಕ್ಕೆ ತೋರಿಸಿದರು. ಬಸ್ಸು ಹಾರ್ನ್ ಹೊಡೆದು ಹೋಯಿತು. ವಾಪಸ್ ಬಂದವರ ರೆಪ್ಪೆಯ ಮೇಲೆಲ್ಲ ಕೆಂಪು ಧೂಳು, ಒರೆಸಿಕೊಳ್ಳಲೇ ಇಲ್ಲ.

ಸೇತುವೆ ಸರಿಯಾದ ದಿನ ಅಪ್ಪ, "ಸದ್ಯ, ಕಾಟ ತಪ್ತು" ಎಂದರು. ಮರುದಿನ ಮಧ್ಯಾಹ್ನವೂ ಅತ್ತೆ ಇಸ್ತ್ರಿ ಸೀರೆಯುಟ್ಟು ಅದೇ ಮೂಲೆಯಲ್ಲಿದ್ದರು.

"ಬಸ್ಸು ಇನ್ನು ಈ ಕಡೆ ಬರಲ್ಲ ಅತ್ತೆ, ಬೋರ್ಡ್ ತೆಗೆದ್ರು" ಎಂದೆ.

ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಎಲ್ರಿಗೂ ಗೊತ್ತಾಗಿರತ್ತಾ ಪುಟ್ಟಿ? ಯಾರಾದ್ರೂ ತಿಳೀದೆ ಬಂದ್ಬಿಟ್ರೆ?"