ಟೈಂಕೀಪರನ ಐದು ನಿಮಿಷ

"ಈ ನೋವು ಲೆಕ್ಕಕ್ಕಿಲ್ಲ," ಎಂದ ಗಂಡ, ಕೈಗಡಿಯಾರದಿಂದ ಕಣ್ಣೆತ್ತದೆ. "ಹೋದ ಸಲದ್ದು ಬಂದು ಮೂರೇ ನಿಮಿಷ ಆಗಿದೆ. ಅದಕ್ಕೂ ಮುಂಚಿನದು ಎಂಟು."

ಹೆಂಡತಿ ಕಿಟಕಿಯ ಸರಳು ಹಿಡಿದು ಹಲ್ಲು ಕಚ್ಚಿ ನಿಂತಿದ್ದಳು. ದಿನ ತುಂಬಿ ವಾರ ಕಳೆದರೂ ಹೆರಿಗೆಯ ಸುಳಿವಿಲ್ಲದೆ, ಬೆಳಿಗ್ಗೆ ಆಸ್ಪತ್ರೆಯಲ್ಲಿ ನೋವು ಬರಿಸುವ ಔಷಧಿ ಇಟ್ಟು, ಮಗುವಿನ ಎದೆಬಡಿತ ನೋಡಿ, ಡಾಕ್ಟರಮ್ಮ ಮನೆಗೆ ಕಳಿಸಿದ್ದರು. "ಮನೇಲಿದ್ರೆ ಮನಸ್ಸು ಹಗುರಾಗಿರುತ್ತೆ," ಎಂದಿದ್ದರು. ವಾರ್ಡಿನಲ್ಲಿ ಮಂಚ ಖಾಲಿಯಿಲ್ಲ ಎಂಬುದನ್ನು ಇಷ್ಟು ಚೆಂದವಾಗಿ ಹೇಳಬೇಕಾದರೆ ಡಾಕ್ಟರಿಕೆಯನ್ನೇ ಓದಿರಬೇಕು. "ಐದೈದು ನಿಮಿಷಕ್ಕೊಮ್ಮೆ ನೋವು ಬಂದ್ರೆ ಕರ್ಕೊಂಡು ಬನ್ನಿ," ಎಂದೂ ಹೇಳಿದ್ದರು. ಬಸ್ ನಿಲ್ದಾಣದ ಟೈಂಕೀಪರನಿಗೆ ಹೇಳಬಾರದ ಮಾತು ಅದು. ಬಸ್ಸು ಒಂದು ನಿಮಿಷ ಮುಂಚೆ ಬಂದರೂ ದಂಡ ಹಾಕುವ ಮನುಷ್ಯ ಅವನು.

"ರೀ, ಸೊಂಟ ಮುರಿದುಹೋಗ್ತಿದೆ. ಹೊರಡೋಣ."

"ಮೂರು, ಎಂಟು ಅಂತ ಮನಸ್ಸಿಗೆ ಬಂದ ಹಾಗೆ ಬಂದ್ರೆ ಡಾಕ್ಟರಿಗೆ ಏನಂತ ಹೇಳ್ಲಿ? ಸ್ವಲ್ಪ ಕ್ರಮವಾಗಿ ಬರ್ಲಿ ತಾಳು."

ಅವನ ತಾಯಿ ಬಟ್ಟೆಯ ಚೀಲ ಹೆಗಲಿಗೇರಿಸಿದರು. "ನಡಿಯಮ್ಮ ಮಗಳೇ. ಇವನೂ ಹತ್ತು ದಿನ ಲೇಟಾಗೇ ಹುಟ್ಟಿದ್ದು. ಆಗ ಯಾರೂ ದಂಡ ಹಾಕ್ಲಿಲ್ಲ, ಅದೇ ತಪ್ಪಾಯ್ತು."

"ಇನ್ನೊಂದು ನೋಡೋಣಮ್ಮಾ," ಎನ್ನುತ್ತ ಅವನು ಕ್ಯಾಲೆಂಡರಿನ ಹಿಂದೆ ನೋವಿನ ಹೊತ್ತು ಬರೆದುಕೊಂಡ. ಬರೆದು ತಲೆಯೆತ್ತಿದರೆ ಬಾಗಿಲು ತೆರೆದಿತ್ತು, ಇಬ್ಬರೂ ಇರಲಿಲ್ಲ.

ತಿರುವಿನಲ್ಲಿ ಅತ್ತೆ ರಸ್ತೆಯ ನಟ್ಟನಡುವೆ ನಿಂತು ಬಸ್ಸು ತಡೆದರು. ಟೈಂಕೀಪರನ ಮನೆಯವರು ಎಂದು ಗುರುತು ಹತ್ತಿ ಡ್ರೈವರನ ಜೀವ ಬಾಯಿಗೆ ಬಂತು. ಆದರೆ ಸೊಸೆಯ ಕೂಗು ಕೇಳಿದ್ದೇ ತಡ, ಅವನು ಸ್ಟಾಪು, ರೂಟು ಎಲ್ಲವನ್ನೂ ಗಾಳಿಗೆ ತೂರಿ ಬಸ್ಸನ್ನು ಆಸ್ಪತ್ರೆಯ ಕಡೆ ತಿರುಗಿಸಿದ. ಇಳಿಯಬೇಕಾದ ಪ್ರಯಾಣಿಕರೇ ಎದ್ದು ಹಿಂದಿನ ಸೀಟು ಬಿಟ್ಟುಕೊಟ್ಟರು.

ಗಂಡ ಏದುಸಿರು ಬಿಡುತ್ತ ಆಸ್ಪತ್ರೆಯ ಗೇಟಿಗೆ ಬಂದಾಗ ಬಸ್ಸಿನೊಳಗಿಂದ ಎಳೆಯ ಅಳು ಕೇಳುತ್ತಿತ್ತು. ನರ್ಸುಗಳು ಹೆಂಡತಿಯನ್ನು ಹಿಂದಿನ ಸೀಟಿನಿಂದ ಇಳಿಸಿ ಸ್ಟ್ರೆಚರಿನಲ್ಲಿ ಮಲಗಿಸಿದರು. ಅವಳ ಸುಸ್ತಾದ ಮುಖ ನೋಡಿ ಅವನು ಅವಳ ಕೈ ಹಿಡಿದುಕೊಂಡ. ಆದರೂ ಹುಟ್ಟುಗುಣ ಸುಟ್ಟರೂ ಹೋಗದು.

"ಮಗು ಎಷ್ಟು ಗಂಟೆಗೆ ಬಂತು?" ಎಂದು ಡ್ರೈವರನನ್ನು ಕೇಳಿದ.

ಡ್ರೈವರ್ ಬೆವರೊರೆಸಿಕೊಂಡ. "ವಾಚ್ ನೋಡ್ಲಿಲ್ಲ ಸಾರ್. ರಸ್ತೆ ನೋಡ್ತಿದ್ದೆ."

ಅವನ ತಾಯಿ ಶಾಲಿನಲ್ಲಿ ಸುತ್ತಿದ ಕೂಸನ್ನು ಎದೆಗವಚಿಕೊಂಡು ಬಸ್ಸಿನ ಮೆಟ್ಟಿಲಿಳಿದರು.

"ನಿನಗಿಂತ ಮೊದ್ಲೇ ಬಂತು," ಎಂದರು. "ಅಷ್ಟು ಬರ್ಕೋ."