ಮುಖ ನೋಡಿ ಹೇಳಿದ ರೇಟು

ಪಾತ್ರೆ ಅಂಗಡಿಗೊಂದು ವೆಬ್‌ಸೈಟ್ ಬೇಕೆಂದು ಬಂದ ಹಿರಿಯರ ಕೈಯಲ್ಲಿ ಚಿನ್ನದ ವಾಚು ಹೊಳೆಯುತ್ತಿತ್ತು. ಅದನ್ನು ಕಂಡದ್ದೇ ತಡ, ಇಪ್ಪತ್ತು ಸಾವಿರದ ಕೆಲಸಕ್ಕೆ ವೆಬ್‌ಸೈಟ್ ಮಾಡಿಕೊಡುವ ಹುಡುಗನ ಬಾಯಿಂದ ನಲವತ್ತು ಅಂತ ಬಂದುಬಿಟ್ಟಿತು.

"ಆಗಲಿ" ಎಂದು ಅವರು ಚೀಲದ ಜಿಪ್ ಎಳೆದರು.

ಚೌಕಾಸಿಯನ್ನಾದರೂ ಮಾಡಬಾರದಿತ್ತೇ! ನೋಟು ಎಣಿಸುತ್ತಿದ್ದ ಆ ಬೆರಳುಗಳನ್ನು ನೋಡಲಾಗದೆ ಅವನು ತಲೆ ತಗ್ಗಿಸಿದ.

"ತಡೀರಿ ಸಾರ್, ಇಪ್ಪತ್ತೇ ಸಾಕು. ಜಾಸ್ತಿ ಹೇಳಿಬಿಟ್ಟೆ, ತಪ್ಪಾಯ್ತು."

"ಹಾಗಾದ್ರೆ ನಿಮ್ಮ ರೇಟು ಯಾವುದು?"

"ನಿಜ ಹೇಳ್ಬೇಕಂದ್ರೆ, ಬಂದವರ ಮುಖ ನೋಡಿ ಹೇಳ್ತೀನಿ ಸಾರ್."

ಹಿರಿಯರು ನೋಟುಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದರು.

"ಜಾತಕ ಕೊಡುವಾಗ ನಿಮ್ಮ ತಾಯಿ, ಮಗ ತಿಂಗಳಿಗೆ ಲಕ್ಷ ದುಡೀತಾನೆ ಅಂದ್ರಲ್ಲ, ಅದೂ ಹುಡುಗಿ ಅಪ್ಪ ಅಂತ ನನ್ನ ಮುಖ ನೋಡಿ ಹೇಳಿದ್ದಾ?"